ಎಲೆಯ ಮೇಲಣ ಚಿತ್ರ

ಭೀಮಾನದಿಯ ದಡದ ಅಫಜಲಪುರ ಸೀಮೆಯು ಎರಡು ಹಳೆಯ ರಾಜಧಾನಿಗಳ ನಡುವಣ ನೆಲ. ಈಶಾನ್ಯಕ್ಕೆ ಚಾಲುಕ್ಯರ ಕಲ್ಯಾಣ. ನೈರುತ್ಯಕ್ಕೆ ಆದಿಲಶಾಹಿಗಳ ವಿಜಾಪುರ. ಇಂದು ದೊಡ್ಡ ನಗರಗಳಲ್ಲಿ ಟ್ಯಾರೋ ಎಂಬ ಪಾಶ್ಚಾತ್ಯ ಚಿತ್ರದೆಲೆಗಳನ್ನು ಹರಡಿ ಭವಿಷ್ಯ ಕೇಳುವ ರೂಢಿಯು ಹಬ್ಬಿದೆ. ಪುರಾತನ ಚಿತ್ರಗಳಿಂದ ಆಯ್ದುಕೊಂಡು ಹೊಸ ಎಲೆಗಳನ್ನು ರಚಿಸುವವರೂ ಹುಟ್ಟಿಕೊಂಡಿದ್ದಾರೆ. ಎಲೆಯ ಮೇಲಣ ಚಿತ್ರಕ್ಕೆ ಅರ್ಥವು ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ಈ ಎರಡು ರಾಜಧಾನಿಗಳ ಗ್ರಂಥಸಂಪತ್ತು ಬಹಳ ನೆರವಾಗತಕ್ಕದ್ದು.

ಕಲ್ಯಾಣದ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳ, ನೂರು ಅಧ್ಯಾಯಗಳ ಸಂಸ್ಕೃತ ಗ್ರಂಥ. ಗೋಡೆಯನ್ನು ಹದಗೊಳಿಸುವುದು, ವಜ್ರಲೇಪ, ಕುಂಚ, ಬಣ್ಣಗಳ ಮಿಶ್ರಣ ಇವೆಲ್ಲವನ್ನೂ ಅರಸನು ಅಲ್ಲಿ ನಿರೂಪಿಸಿದ್ದಾನೆ. ದೇವತಾಮೂರ್ತಿಗಳ ಲಕ್ಷಣಗಳೂ ಅದರಲ್ಲಿವೆ; ಕೊನೆಯ ವಿಂಶತಿಯು ಕ್ರೀಡೆಗಳಿಗೆ ಮೀಸಲು. ಚಿತ್ರ, ಮೂರ್ತಿ, ಆಟ ಮೂರಕ್ಕೂ ಒಂದೇ ಶಾಸ್ತ್ರದಲ್ಲಿ ಎಡೆಯುಂಟೆಂಬುದು ಇದರಿಂದ ವ್ಯಕ್ತವಾಗುತ್ತದೆ.

ವಿಜಾಪುರದಲ್ಲಿ ಒಂದನೆಯ ಅಲಿ ಆದಿಲಶಹನ ಆಳಿಕೆಯಲ್ಲಿ, 1570ರಲ್ಲಿ, ‘ನುಜೂಮ್-ಉಲ್-ಉಲೂಮ್’ ಎಂಬ ಪಾರಸೀ ಗ್ರಂಥವು ಸಿದ್ಧವಾಯಿತು. ಗ್ರಹ, ರಾಶಿ, ಭೂದೇವತೆ, ಮಂತ್ರ, ಯಂತ್ರ, ಆನೆ, ಕುದುರೆ, ಆಯುಧ ಇವೆಲ್ಲ ಅದರ ವಿಷಯಗಳು; ನೂರಾರು ಚಿತ್ರಗಳು ಅದರ ಅಲಂಕಾರ. ಇಸ್ಲಾಮೀ ಜ್ಯೋತಿಷವೂ ಭಾರತೀಯ ದೇವತಾಕಲ್ಪನೆಯೂ ಆ ಪುಟಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ಅಲ್ಲಿಯ ಗ್ರಹದೇವತೆಗಳ ಚಿತ್ರಗಳು ಕೇವಲ ಕಣ್ಣಿನ ಸೊಗಸಿಗಲ್ಲ. ದೈವಬಲವನ್ನು ಅರಿತು ಒಲಿಸಿಕೊಳ್ಳುವ ಸಾಧನವೆಂದೇ ಬರೆದಂಥವು. ಆ ಹಸ್ತಪ್ರತಿಯು ಈಗ ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಭಂಡಾರದಲ್ಲಿದೆ.

ಎಲೆಗಳ ಆಟದ ದಾರಿ ಬೇರೆ. ಬಾಬರನು 1527ರಲ್ಲಿ ಸಿಂಧದ ಶಹಾ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿಯು ಅವನ ಆತ್ಮಚರಿತ್ರೆಯಲ್ಲಿದೆ. ಮೊಗಲರ ಗಂಜೀಫಾದಲ್ಲಿ ಎಂಟು ಬಣಗಳು, 96 ಎಲೆಗಳು. ಹಿಂದೂ ಚಿತ್ರಕಾರರ ಕೈಗೆ ಬಂದಾಗ ಅದು ದಶಾವತಾರದ ಆಟವಾಗಿ ಹತ್ತು ಬಣಗಳ 120 ಎಲೆಗಳಿಗೆ ಬೆಳೆಯಿತು. ಪ್ರತಿ ಬಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ. ಉಳಿದ ಹತ್ತು ಸಂಖ್ಯೆಯ ಎಲೆಗಳು. ಹಗಲು ಆಡುವಾಗ ರಾಮನ ಎಲೆಯುಳ್ಳವನು ಮೊದಲು ಇಳಿಯಬೇಕು. ರಾತ್ರಿಯಾದರೆ ಕೃಷ್ಣನ ಎಲೆಯುಳ್ಳವನು. ಮತ್ಸ್ಯಾವತಾರಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ. ವಾಮನನ ಬಣದಲ್ಲಿ ಕಮಂಡಲುವೊಂದನ್ನೇ ಬರೆದರೂ ಆಡುವವನಿಗೆ ಬಲಿಚಕ್ರವರ್ತಿಯ ಕಥೆಯೆಲ್ಲ ನೆನಪಾಗುತ್ತಿತ್ತು. ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ ಭಕ್ತರಿಗೆ ನಿರ್ಗುಣ ಪಾದುಕೆಗಳೇ ಗುರುವಿನ ಸನ್ನಿಧಿಯಾಗಿ ಸಾಲುವಂತೆ, ಕಥೆಯನ್ನು ಬಲ್ಲವನಿಗೆ ಕುರುಹೊಂದೇ ಸಾಕು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ಆಟವನ್ನು ಮತ್ತಷ್ಟು ವಿಸ್ತರಿಸಿದರು. ಎಲೆಯೆಂಬ ಅರ್ಥದ ‘ಛದ’ ಶಬ್ದವನ್ನೇ ಅದಕ್ಕೆ ಹೆಸರಾಗಿಟ್ಟರು. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲೊಂದಾದ ಕೌತುಕನಿಧಿಯಲ್ಲಿ ಇಂಥ ಹದಿಮೂರು ಆಟಗಳ ವಿವರವುಂಟು, ಕೆಲವಕ್ಕೆ 360 ಎಲೆಗಳವರೆಗೆ ಬೇಕು. ಎಲೆಯ ಮೇಲೆ ಬರೆಯಬೇಕಾದ ದೇವತೆಗಳಿಗೆ ಲಕ್ಷಣವನ್ನು ಒದಗಿಸುವ ನಿಧಿಗಳೂ ಅದೇ ಗ್ರಂಥದಲ್ಲಿವೆ. ಆಟವು ಅರಮನೆಯ ಹೊರಗೆ ಅಷ್ಟಾಗಿ ಹಬ್ಬಲಿಲ್ಲ. ಚಿತ್ರಗಳಿಗೆ ಮಾತ್ರ ಶಾಸ್ತ್ರದ ಆಧಾರ ತಪ್ಪಲಿಲ್ಲ.

ಇನ್ನು ಟ್ಯಾರೋ. ಹದಿನೈದನೆಯ ಶತಮಾನದ ಇಟಲಿಯಲ್ಲಿ ಇದೂ ಆಟವೇ. ಮಿಲಾನಿನ ವಿಸ್ಕೊಂತಿ, ಸ್ಫೋರ್ತ್ಸಾ ದೊರೆಮನೆತನಗಳಿಗಾಗಿ ಬಂಗಾರದ ರೇಕು ಹಚ್ಚಿ ಬರೆದ ಎಲೆಗಳು ಇಂದಿಗೂ ಉಳಿದಿವೆ. ಚಕ್ರವರ್ತಿ, ಧರ್ಮಗುರು, ಅದೃಷ್ಟಚಕ್ರ, ಮೃತ್ಯು ಇವು ಇಗರ್ಜಿಯ ಗೋಡೆಗಳಲ್ಲಿಯೂ ಗ್ರಂಥಗಳ ಅಂಚುಗಳಲ್ಲಿಯೂ ಜನರು ಕಂಡುಬಲ್ಲ ರೂಪಗಳು. ಈ ಎಲೆಗಳು ಪ್ರಾಚೀನ ಈಜಿಪ್ತಿನ ಗುಹ್ಯವಿದ್ಯೆಯೆಂದು ಕೂರ್ ದ ಜೆಬೆಲೆನ್ ಎಂಬ ಫ್ರೆಂಚ್ ಪಂಡಿತನು 1781ರಲ್ಲಿ ಆಧಾರವಿಲ್ಲದೆ ಪ್ರತಿಪಾದಿಸಿದನು. ಭವಿಷ್ಯವಿದ್ಯೆಯಾಗಿ ಇದರ ಪ್ರಸಿದ್ಧಿಯು ಆ ಬಳಿಕದ್ದು. 1909ರಲ್ಲಿ ಲಂಡನ್ನಿನಲ್ಲಿ ವೇಟ್ ಎಂಬವನ ಯೋಜನೆಗೆ ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಎಂಬಾಕೆಯು ಹದಿನೈದನೆಯ ಶತಮಾನದ ‘ಸೋಲಾ ಬುಸ್ಕಾ’ ಎಲೆಗಳಿಂದ ಕೆಲವು ರೂಪಗಳನ್ನು ಎತ್ತಿಕೊಂಡಂತೆ ಕಾಣುತ್ತದೆ. ಮೂರು ಕತ್ತಿಗಳು ನಾಟಿದ ಹೃದಯದ ಚಿತ್ರವು ಅಂಥದು.

ಹೀಗೆ ವಿಚಾರಿಸಿದರೆ, ಟ್ಯಾರೋದಲ್ಲಿ ಚಿತ್ರವು ಹಳೆಯದು, ಭವಿಷ್ಯವು ಹೊಸದು. ವಿಜಾಪುರದ ಗ್ರಂಥದಲ್ಲಾದರೋ ಚಿತ್ರವೂ ದೈವಚಿಂತೆಯೂ ಕೂಡಿಯೇ ಹುಟ್ಟಿದವು. ಎಲೆಗಳ ಮುಂದೆ ಕುಳಿತು ಮದುವೆ, ವ್ಯಾಪಾರ, ರೋಗಗಳ ಫಲವನ್ನು ಕೇಳುವವರು, ಆ ಫಲವು ಋಷಿಪ್ರೋಕ್ತವೂ ಅಲ್ಲ, ಈಜಿಪ್ತಿನದೂ ಅಲ್ಲವೆಂಬುದನ್ನು ಅರಿತು ಕೇಳುವುದು ಲೇಸು.

ಹೊಸ ಎಲೆಗಳನ್ನು ರಚಿಸುವವರಿಗೂ ಒಂದು ಹೊಣೆಯುಂಟು. ಬಾದಾಮಿಯ ಗುಹೆಯಿಂದಲೋ ವಿಜಾಪುರದ ಪುಟದಿಂದಲೋ ದೇವತೆಯೊಂದನ್ನು ಕತ್ತರಿಸಿ ತಂದು, ಆಯುಧ ವಾಹನಗಳನ್ನು ಬಿಟ್ಟು, ಕೆಳಗೆ ‘ಭಾಗ್ಯ’ವೆಂದು ಬರೆದರೆ ಉಳಿಯುವುದು ಬಣ್ಣ ಮಾತ್ರ. ಅಚ್ಚಿನ ಅಗ್ಗದ ಇಸ್ಪೀಟು ಬಂದ ಮೇಲೆ ಕೈಬರಹದ ಗಂಜೀಫಾ ಕುಗ್ಗಿತು. ಸಾವಂತವಾಡಿಯ ರಾಜಮನೆತನದವರೂ ಮೈಸೂರಿನ ಚಿತ್ರಕಾರ ರಘುಪತಿ ಭಟ್ಟರೂ ಆ ಕಲೆಗೆ ಮರಳಿ ಜೀವ ಕೊಟ್ಟರು. ಆದರೆ ಚಿತ್ರವನ್ನು ಉಳಿಸುವುದಕ್ಕೆ ಚಿತ್ರಕಾರನೊಬ್ಬನೇ ಸಾಲದು, ನೋಡಿ ಗುರುತಿಸುವವನೂ ಬೇಕು. ಡಬ್ಲಿನ್ನಿನ ಹಸ್ತಪ್ರತಿಯ ಚಿತ್ರಗಳ ಪಡಿಯಚ್ಚು ಭೀಮೆಯ ಎರಡು ದಡದ ಶಾಲೆಗಳಿಗೂ ಬಂದು, ಈ ಗ್ರಹ ಯಾವುದು, ಅದರ ಕೈಯ ಆಯುಧವೇನೆಂದು ಮಕ್ಕಳು ಕನ್ನಡದಲ್ಲಿ ಹೇಳುವಂತಾದರೆ, ನಾಳೆ ಈ ನಾಡಿನಲ್ಲಿ ಎಲೆ ಬರೆಯುವವನಿಗೆ ನೋಡುಗರ ಕೊರತೆಯಿರದು.