ಅಕ್ಷರದ ಕ್ರಮ, ಬದುಕಿನ ವಿಷಯ: ವಯಸ್ಕರ ಕಲಿಕಾ ಸಾಮಗ್ರಿಯ ಇತಿಹಾಸ

ಪೀಠಿಕೆ

ವಯಸ್ಕರಿಗೆ ಓದುಬರಹ ಕಲಿಸಲು ಹೊರಟವರಿಗೆ ಎದುರಾಗುವ ಮೊದಲ ತೊಡಕು ಸಾಮಗ್ರಿಯದು. ಒಂದೇ ಜಗಲಿಯಲ್ಲಿ ಕುಳಿತವರಲ್ಲಿ ಒಬ್ಬರಿಗೆ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಇನ್ನೊಬ್ಬರು ಎರಡನೇ ತರಗತಿಗೇ ಶಾಲೆ ಬಿಟ್ಟವರು. ಮತ್ತೊಬ್ಬರಿಗೆ ಬ್ಯಾಂಕಿನ ಚಲನ್ ತುಂಬಲು ಬಂದರೆ ಸಾಕು. ಇವರೆಲ್ಲರಿಗೂ ಒದಗುವ ಪಠ್ಯವನ್ನು ಹುಡುಕಿದ ಪ್ರಯತ್ನಗಳಿಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಲಿಪಿ ಕಲಿಸುವ ಕ್ರಮವನ್ನು ಗಟ್ಟಿಯಾಗಿಟ್ಟುಕೊಂಡು, ಓದುವ ವಿಷಯವನ್ನು ಊರಿಗೆ ತಕ್ಕಂತೆ ಬದಲಾಯಿಸಲು ಬಿಟ್ಟ ಸಾಮಗ್ರಿಯೇ ಬಹುಕಾಲ ಬಹುಜನರಿಗೆ ಉಪಯೋಗವಾಗಿದೆ ಎಂಬುದು ಈ ಲೇಖನದ ವಾದ.

ಚಿತ್ರಪಟದಿಂದ ಚರ್ಚೆಯವರೆಗೆ

ಅಮೆರಿಕದ ಮಿಷನರಿ ಫ್ರಾಂಕ್ ಲೌಬಾಕ್ 1930ರ ಸುಮಾರಿಗೆ ಫಿಲಿಪೀನ್ಸ್‌ನ ಮಿಂಡನಾವೊದಲ್ಲಿ ಮರನಾವೊ ಜನರಿಗಾಗಿ ಪದಪಟಗಳನ್ನು ರೂಪಿಸಿದರು. ಪರಿಚಿತ ವಸ್ತುವಿನ ಚಿತ್ರ, ಅದರ ಹೆಸರು, ಆ ಹೆಸರಿನೊಳಗಿನ ಧ್ವನಿಗೆ ಅಕ್ಷರ, ಹೀಗೆ ಒಂದರ ಪಕ್ಕ ಒಂದು ಬರುವಂತೆ ಪಟ ಸಿದ್ಧವಾಗುತ್ತಿತ್ತು. ತರಬೇತಿ ಪಡೆದ ಶಿಕ್ಷಕರಿಗೆ ಸಂಬಳ ಕೊಡಲು ಹಣವಿಲ್ಲದ ಕಾಲವದು. ಆದ್ದರಿಂದ ಕಲಿತವರೇ ಮತ್ತೊಬ್ಬರಿಗೆ ಕಲಿಸುವಷ್ಟು ಪಟ ಸರಳವಾಗಿರಬೇಕಿತ್ತು. ಲೌಬಾಕ್ ಅದೇ ದಶಕದಲ್ಲಿ ಭಾರತಕ್ಕೂ ಬಂದು ಇಲ್ಲಿನ ಭಾಷೆಗಳ ಕೆಲಸದಲ್ಲಿ ತೊಡಗಿದರು.

ಬ್ರೆಜಿಲ್‌ನ ಪಾವ್ಲೊ ಫ್ರೆಯಿರೆ 1963ರಲ್ಲಿ ಅಂಜಿಕೋಸ್ ಪಟ್ಟಣದ ಸುಮಾರು 300 ಶ್ರಮಿಕರೊಡನೆ 40 ಗಂಟೆಗಳ ಪಾಠದ ಪ್ರಯೋಗ ನಡೆಸಿದರು. ಅವರು ಸಿದ್ಧ ಬಾಲಬೋಧೆಯನ್ನು ಬಿಟ್ಟು, ಕಲಿಯುವವರ ಬಾಯಲ್ಲಿದ್ದ ಮಾತುಗಳನ್ನೇ ಪಾಠವಾಗಿಸಿದರು. ಇಟ್ಟಿಗೆ ಎಂಬರ್ಥದ ‘ತಿಜೋಲೊ’ ಪದವನ್ನು ಮೂರು ತುಂಡು ಮಾಡಿ, ಪ್ರತಿ ತುಂಡಿನ ಸ್ವರ ಬದಲಾಯಿಸಿ, ಬಂದ ಅಕ್ಷರಗಳನ್ನು ಕೂಡಿಸಿ ಹೊಸ ಪದ ಕಟ್ಟುವುದು ಅವರ ವಿಧಾನ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. ನಮ್ಮ ಕಾಗುಣಿತ ನಿಂತಿರುವುದೇ ಈ ಕ್ರಮದ ಮೇಲೆ. ಫ್ರೆಯಿರೆ ಅದಕ್ಕೆ ಕೆಲಸ, ಕೂಲಿ, ವಸತಿಗಳ ಚರ್ಚೆಯನ್ನು ಜೋಡಿಸಿದರು. 1964ರ ಸೈನಿಕ ಕ್ರಾಂತಿ ಆ ಕಾರ್ಯಕ್ರಮವನ್ನು ನಿಲ್ಲಿಸಿ, ಅವರನ್ನು ಸೆರೆಗೂ ಗಡಿಪಾರಿಗೂ ದೂಡಿತು.

ಮೈಸೂರಿನ ಪಾಠ

ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲೇ ಮೈಸೂರು ಸಂಸ್ಥಾನದಲ್ಲಿ ವಯಸ್ಕರ ರಾತ್ರಿಶಾಲೆಗಳಿದ್ದವು. 1940ರ ದಶಕದಲ್ಲಿ ರೂಪುಗೊಂಡ ವಯಸ್ಕರ ಶಿಕ್ಷಣ ಸಮಿತಿ ಇನ್ನೊಂದು ಕೊರತೆಯನ್ನು ಗುರುತಿಸಿತು. ಓದಲು ಏನೂ ಸಿಗದಿದ್ದರೆ ಕಲಿತ ಅಕ್ಷರ ಮರೆತುಹೋಗುತ್ತದೆ. ಅದಕ್ಕೆಂದೇ ಹೊಸ ಓದುಗರಿಗಾಗಿ ‘ಬೆಳಕು’ ವಾರಪತ್ರಿಕೆ ಬಂತು. ‘ಪುಸ್ತಕ ಪ್ರಪಂಚ’ ಮಾಸಪತ್ರಿಕೆ ಬಂತು. ಬಾಲಬೋಧೆಯ ಆಯಸ್ಸು ಕೆಲವು ತಿಂಗಳಿನದು. ವಾರಪತ್ರಿಕೆ ವಾರವಾರವೂ ಹೊಸತನ್ನು ತರುತ್ತದೆ, ಒಬ್ಬರು ಓದಿದ್ದನ್ನು ಹತ್ತು ಜನ ಕೇಳುತ್ತಾರೆ. ಮುಂದುವರಿಕೆಯ ಓದನ್ನೂ ಸಾಮಗ್ರಿಯೆಂದೇ ಬಗೆದದ್ದು ಸಮಿತಿಯ ದೊಡ್ಡ ಕೊಡುಗೆ.

ಮಿಷನ್ ಕಾಲ: ಲಾಭ ಮತ್ತು ಮಿತಿ

1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸುಮಾರು 200 ಗಂಟೆಗಳ ಕಲಿಕೆಯನ್ನು ಮೂರು ಹಂತದ ಪುಸ್ತಕಗಳಲ್ಲಿ ಅಡಕಗೊಳಿಸಿತು. ಪಾಠ, ಅಭ್ಯಾಸ, ಪರೀಕ್ಷೆ ಒಂದೇ ರಟ್ಟಿನೊಳಗೆ ಬಂದವು. ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದುವುದು, 7 ಪದ ನೋಡಿ ಬರೆಯುವುದು ಮುಂತಾದ ಮಟ್ಟಗಳು ನಿಗದಿಯಾದವು. ಲಕ್ಷಾಂತರ ಸ್ವಯಂಸೇವಕರ ಕೈಗೆ ಸ್ಪಷ್ಟ ದಾರಿಯೊಂದು ಸಿಕ್ಕಿತು. ಆದರೆ ಗದ್ದೆಯವರಿಗೂ ಗಣಿಯವರಿಗೂ ಮೀನುಗಾರರಿಗೂ ಒಂದೇ ಪಾಠ ಎಂಬ ಒತ್ತಡವೂ ಅದರ ಜೊತೆಗೇ ಬಂತು.

ವಿಷಯ ತಮ್ಮದಾದಾಗ ಏನಾಗುತ್ತದೆ ಎಂಬುದಕ್ಕೆ ಆಂಧ್ರದ ನೆಲ್ಲೂರು ಸಾಕ್ಷಿ. ಸಾಕ್ಷರತಾ ಪಠ್ಯದ ಸೀತಮ್ಮನ ಕಥೆ ಸಾರಾಯಿಯಿಂದ ಹಾಳಾಗುವ ಸಂಸಾರವನ್ನು ಕುರಿತದ್ದು. ಅದನ್ನು ಓದಿ ಚರ್ಚಿಸಿದ ಹೆಣ್ಣುಮಕ್ಕಳಿಂದ ದೂಬಗುಂಟದಂಥ ಹಳ್ಳಿಗಳಲ್ಲಿ 1992ರ ಹೊತ್ತಿಗೆ ಸಾರಾಯಿ ವಿರೋಧಿ ಚಳವಳಿ ಬಲಗೊಂಡಿತು. 1993ರಲ್ಲಿ ರಾಜ್ಯ ಸರ್ಕಾರ ಸಾರಾಯಿಯನ್ನು ನಿಷೇಧಿಸಿತು. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಸೈಕಲ್ ಕಲಿಕೆಯೇ ಸಾಕ್ಷರತಾ ಆಂದೋಲನದ ಭಾಗವಾಯಿತು.

ಕನ್ನಡ ಲಿಪಿಯ ಅನುಕೂಲ

ಕನ್ನಡದಲ್ಲಿ ಕ್ರಮ ಮತ್ತು ವಿಷಯವನ್ನು ಬೇರ್ಪಡಿಸುವುದು ಕಷ್ಟವೇನಲ್ಲ. ವರ್ಣಮಾಲೆಯನ್ನು ಮೊದಲಿಂದ ಕೊನೆಯವರೆಗೆ ಬಾಯಿಪಾಠ ಮಾಡಿಸುವ ಬದಲು ರ, ಗ, ಸ, ದ, ಅ ಎಂದು ಆರಂಭಿಸುವ ಪದ್ಧತಿ ನಲಿ-ಕಲಿ ತರಗತಿಗಳಲ್ಲಿ ಬಳಕೆಯಾಗಿದೆ. ಈ ಐದೇ ಅಕ್ಷರಗಳಿಂದ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ. ಮಕ್ಕಳಿಗಾಗಿ ಬಂದ ಈ ಕ್ರಮ ವಯಸ್ಕರಿಗೆ ಇನ್ನೂ ಹೆಚ್ಚು ಒಪ್ಪುತ್ತದೆ. ಹಗಲೆಲ್ಲ ದುಡಿದು ಬಂದವರಿಗೆ ಮೊದಲ ದಿನಗಳಲ್ಲೇ ಅರ್ಥವುಳ್ಳ ಪದ ಓದಿದ ತೃಪ್ತಿ ಬೇಕು. ಬಡಗಿಗೆ ಗರಗಸ, ಸಂತೆಗೆ ಹೋಗುವವರಿಗೆ ದರ, ಹೀಗೆ ಅದೇ ಅಕ್ಷರಗಳು ಬೇರೆ ಬೇರೆ ಪಾಠವಾಗುತ್ತವೆ.

ಉಪಸಂಹಾರ

ಬಹೂಪಯೋಗಿ ಸಾಮಗ್ರಿಯನ್ನು ಇಂದು ಹುಡುಕುವವರಿಗೆ ಈ ಇತಿಹಾಸ ತೋರುವ ದಾರಿ ಸ್ಪಷ್ಟವಾಗಿದೆ. ಅಕ್ಷರಕ್ರಮಕ್ಕೆ ಒಂದು ಬಾಲಬೋಧೆ ಇರಲಿ. ವಿಷಯಕ್ಕೆ ಮನೆಮನೆಯಲ್ಲಿರುವ ಕಾಗದಗಳೇ ಸಾಕು: ಪಡಿತರ ಚೀಟಿ, ಪಹಣಿ, ಸಂಘದ ಲೆಕ್ಕದ ಪುಸ್ತಕ. ಒಂದು ಕರೆಂಟ್ ಬಿಲ್ಲಿನಲ್ಲಿ ಹೊಸಬರು ತಮ್ಮ ಹೆಸರು ಗುರುತಿಸಬಹುದು, ನಡುವಿನವರು ಮೊತ್ತ ಮತ್ತು ಕೊನೆಯ ದಿನಾಂಕ ಓದಬಹುದು, ಮುಂದಿನವರು ಹೋದ ತಿಂಗಳ ಯೂನಿಟ್ಟಿನೊಡನೆ ಹೋಲಿಸಿ ಲೆಕ್ಕ ಹಾಕಬಹುದು. ಹೀಗೆ ಮೂರು ಮಟ್ಟದ ಪಾಠ ಒಂದೇ ಹಾಳೆಯಲ್ಲಿದೆ. ಸರ್ಕಾರ ಮತ್ತು ಸಂಘಸಂಸ್ಥೆಗಳು ಮಾಡಬೇಕಾದ ಕೆಲಸ ಎರಡು: ಇಂಥ ಕಾಗದಗಳಿಂದ ಪಾಠ ಕಟ್ಟುವ ತರಬೇತಿಯನ್ನು ಸ್ವಯಂಸೇವಕರಿಗೆ ಕೊಡುವುದು, ‘ಬೆಳಕು’ ಮಾದರಿಯ ಸರಳ ಓದನ್ನು ಜಿಲ್ಲೆ ಜಿಲ್ಲೆಗೂ ಒದಗಿಸುವುದು. ಪ್ರಮಾಣಪತ್ರ ಕೈಗೆ ಬಂದ ಮೇಲೂ ಓದು ಉಳಿಯಬೇಕಾದರೆ ಇವೆರಡಕ್ಕೂ ಹಣ ಮತ್ತು ಗಮನ ಮೀಸಲಾಗಲೇಬೇಕು.