ರಾಜಹಂಸ ಮರಿ ಮಾಡುವುದು ಎಲ್ಲಿ?

ದುಬೈನಲ್ಲಿ ಇರುವವರಿಗೆ ರಾಸ್ ಅಲ್ ಖೋರ್ ಹೊಸ ಹೆಸರಲ್ಲ. ಹಿಂದೆ ಬುರ್ಜ್ ಖಲೀಫಾ, ಮುಂದೆ ಕೆಸರು ನೀರಲ್ಲಿ ತಲೆ ತಗ್ಗಿಸಿ ಮೇಯುವ ಗುಲಾಬಿ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು. ಈ ಫೋಟೊ ನೀವೂ ತೆಗೆದಿರಬಹುದು. ನೋಡಿದವರು "ಇಷ್ಟು ದೊಡ್ಡ ಸಿಟಿ ನಡುವೆ ಪ್ರಕೃತಿ ಎಷ್ಟು ಚೆನ್ನಾಗಿದೆ!" ಅಂತಾರೆ. ಆದರೆ ನಗರದ ಜೌಗು ನೆಲ ಆರೋಗ್ಯವಾಗಿದೆಯಾ ಅಂತ ತಿಳಿಯೋಕೆ ಹಕ್ಕಿ ಎಣಿಸಿದರೆ ಸಾಕಾ?

ರಾಸ್ ಅಲ್ ಖೋರ್ ಅಂದರೆ ಹಿನ್ನೀರಿನ ತುದಿ. ಸಮುದ್ರ ಒಳಕ್ಕೆ ಚಾಚಿಕೊಂಡು ಬಂದು ಇಲ್ಲಿ ನಿಲ್ಲುತ್ತೆ. ಸುತ್ತ ನಗರ ಬೆಳೆದರೂ ಈ ಜಾಗ ಉಳಿಯಿತು. 2007ರಲ್ಲಿ ಇದು ಯುಎಇಯ ಮೊದಲ ರಾಮ್ಸರ್ ತಾಣವಾಯಿತು. ಇಲ್ಲಿನ ರಾಜಹಂಸಗಳಲ್ಲಿ ಹೆಚ್ಚಿನವು ಚಳಿಗಾಲದ ಅತಿಥಿಗಳು. ಅತಿಥಿ ಬರುವುದು ಒಳ್ಳೆಯದೇ, ಆದರೆ ಬಂದು ಹೋಗುವುದು ಬೇರೆ, ಸಂಸಾರ ಹೂಡುವುದು ಬೇರೆ. ಪರದೇಶದಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಈ ವ್ಯತ್ಯಾಸ ವಿವರಿಸಬೇಕಿಲ್ಲ, ಅಲ್ವಾ?

ಈಗ ಅಬುಧಾಬಿಗೆ ಬನ್ನಿ. ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಅಲ್ ವತ್ಬಾ ಇದೆ. ಈ ಕೆರೆಯನ್ನು ಯಾರೂ ಹಕ್ಕಿಗಳಿಗಾಗಿ ಕಟ್ಟಲಿಲ್ಲ. ಮಫ್ರಕ್‌ನ ಘಟಕದಲ್ಲಿ ಶುದ್ಧಮಾಡಿದ ಊರಿನ ಚರಂಡಿ ನೀರು ಹೆಚ್ಚಾಗಿ, ಉಪ್ಪು ನೆಲದ ತಗ್ಗಿನಲ್ಲಿ ನಿಂತಿತು. ಬಿಸಿಲಿಗೆ ನೀರು ಆವಿಯಾಗಿ ಉಪ್ಪು ಹೆಚ್ಚಿತು. ಆ ಉಪ್ಪುನೀರಲ್ಲಿ ಆರ್ಟೀಮಿಯಾ ಎಂಬ ಪುಟ್ಟ ಸೀಗಡಿಯಂಥ ಜೀವಿ ಬೆಳೆಯಿತು. ರಾಜಹಂಸಕ್ಕೆ ಅದೇ ಊಟ. ಗುಲಾಬಿ ಬಣ್ಣವೂ ಇಂಥ ಊಟದಿಂದಲೇ ಬರುತ್ತೆ. 1998ರಲ್ಲಿ ಅವು ಇಲ್ಲಿ ಮರಿ ಮಾಡಿದವು. ಅದೇ ವರ್ಷ ಶೇಖ್ ಜಾಯೆದ್ ಈ ಜಾಗವನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. 2013ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು.

ರಾಜಹಂಸ ಮಣ್ಣಿನ ಗುಡ್ಡೆ ಕಟ್ಟಿ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತೆ. ನೀರಿನ ಮಟ್ಟ ಏರಿದರೆ ಗೂಡು ಮುಳುಗುತ್ತೆ, ಇಳಿದರೆ ನರಿಗೆ ದಾರಿ ಆಗುತ್ತೆ. ಹಾಗಾಗಿ ಒಂದು ಮರಿ ದೊಡ್ಡದಾಯಿತು ಅಂದರೆ ನೀರು, ಉಪ್ಪು, ಊಟ, ನೆಮ್ಮದಿ ನಾಲ್ಕೂ ತಿಂಗಳುಗಟ್ಟಲೆ ಸರಿಯಾಗಿದ್ದವು ಎಂದರ್ಥ. ಯಾವ ಫೋಟೊವೂ ಇಷ್ಟು ಹೇಳಲ್ಲ.

ನಮ್ಮ ಬೆಂಗಳೂರಿನ ಬೆಳ್ಳಂದೂರು ಕೆರೆಗೂ ಬಂದದ್ದು ನಗರದ ಚರಂಡಿ ನೀರೇ. ಆದರೆ ಅಲ್ಲಿ ಸರಿಯಾಗಿ ಶುದ್ಧವಾಗದೆ ಬಂತು. ನೊರೆ ರಸ್ತೆಗೆ ಹಾರಿತು. 2017 ಮತ್ತು 2018ರಲ್ಲಿ ಕೆರೆಯಲ್ಲೇ ಬೆಂಕಿ ಕಾಣಿಸಿತು. 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಕಾ, ಮೂರನೆಯದೂ ಬೇಕಾ ಎಂಬ ವಾದ ಅಲ್ಲಿ ಎದ್ದಿತು. ಅದು ಬರೀ ಎಂಜಿನಿಯರ್‌ಗಳ ವಾದವಲ್ಲ. ಕೆರೆಯ ನೀರು ಇಂಗಿ ಸೇರುವುದು ಊರಿನ ಬೋರ್‌ವೆಲ್‌ಗೇ.

ಅಲ್ ವತ್ಬಾವನ್ನೂ ಕಣ್ಣು ಮುಚ್ಚಿ ಹೊಗಳಬೇಕಾಗಿಲ್ಲ. ಅಲ್ಲಿ ಮಳೆ ಕಡಿಮೆ. ಮನುಷ್ಯ ನೀರು ಬಿಡುವುದನ್ನು ನಿಲ್ಲಿಸಿದರೆ ಕೆರೆ ಒಣಗುತ್ತೆ. ಅದರ ಆಯಸ್ಸು ಪೈಪಿನ ಆಯಸ್ಸಿಗೆ ಕಟ್ಟಿಕೊಂಡಿದೆ.

ಮುಂದಿನ ಚಳಿಗಾಲ ಮಕ್ಕಳನ್ನು ಕರೆದುಕೊಂಡು ಹೋಗಿ. ಗುಲಾಬಿ ಹಿಂಡಿನ ಮಧ್ಯೆ ಬೂದು ಬಣ್ಣದವು ಕಂಡರೆ ತೋರಿಸಿ, ಅವು ಎಳೆಯ ಹಕ್ಕಿಗಳು. ಹುಟ್ಟಿದ್ದು ಇಲ್ಲೇನಾ, ಬೇರೆ ಕಡೆಯಿಂದ ಹಾರಿ ಬಂದದ್ದಾ ಅಂತ ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಜೊತೆಗೆ, ಈ ನೀರು ಎಲ್ಲಿಂದ ಬರುತ್ತೆ ಅಂತಲೂ ಕೇಳಿ.