ಜಲಮಗ್ನ ವಿನೋದಯಂತ್ರದ ಚಿತ್ರ: ಅದರ ಪೂರ್ವಪರಂಪರೆ

ಜನರ ವಿನೋದಕ್ಕೆಂದು ಕಟ್ಟಿದ ಯಂತ್ರವೊಂದು ಅರ್ಧ ಮುಳುಗಿ, ನಿರ್ಜನವಾಗಿ ನಿಂತಿರುವ ದೃಶ್ಯವು ಈಚಿನ ಪಾಶ್ಚಾತ್ಯ ತೈಲಚಿತ್ರಕ್ಕೆ ವಸ್ತುವಾಗಿದೆ. ಇಂತಹ ಚಿತ್ರವು ಪ್ರೇಕ್ಷಕನ ಚಿತ್ತವನ್ನು ಕಲಕುವುದೇಕೆಂಬುದು ವಿಚಾರಾರ್ಹವಾದುದು.

ಇದರ ಹಿಂದೆ ಎರಡು ಪರಂಪರೆಗಳುಂಟು. ಮೊದಲನೆಯದು ಭಗ್ನಾವಶೇಷಗಳ ಚಿತ್ರಣ. ಫ್ರಾನ್ಸಿನ ಹ್ಯೂಬರ್ ರೋಬೇರನು (1733–1808) 1796ರಲ್ಲಿ ಲೂವ್ರ್ ಅರಮನೆಯ ಮಹಾಶಾಲೆಯನ್ನು, ಅದು ಸುಭದ್ರವಾಗಿರುವಾಗಲೇ, ಕುಸಿದ ಪಾಳಿನಂತೆ ಕಲ್ಪಿಸಿ ಚಿತ್ರಿಸಿದನು. ಅಲ್ಲಿ ನಾಶಕರ್ತನು ಕಾಲನು. ಎರಡನೆಯದು ಪ್ರಳಯಚಿತ್ರಣ. ಪೂಸಾನನು 1660–64ರಲ್ಲಿ ರಚಿಸಿದ ಋತುಚಿತ್ರಗಳಲ್ಲಿ ಶಿಶಿರವನ್ನು ಜಲಪ್ರಳಯರೂಪದಲ್ಲಿ ತೋರಿದನು. ಟರ್ನರನು 1843ರಲ್ಲಿ ಅದೇ ವಸ್ತುವನ್ನು ಕೈಗೊಂಡನು. ಬೈಬಲಿನ ಆ ಕಥೆಯಲ್ಲಿ ನಾಶಕರ್ತೃವು ದೈವಕೋಪ.

ವಿನೋದಯಂತ್ರವಾದರೋ ಅರ್ವಾಚೀನ. ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಥಾಂಪ್ಸನನು ತನ್ನ ಇಳಿಜಾರು ರೈಲನ್ನು ಸ್ಥಾಪಿಸಿದುದು 1884ರಲ್ಲಿ. ಜೋಸೆಫ್ ಸ್ಟೆಲ್ಲನು 1913–14ರಲ್ಲಿ ಆ ಸ್ಥಳವನ್ನು ತೈಲವರ್ಣದಲ್ಲಿ ಬರೆದಾಗ, ಪಟದ ತುಂಬ ದೀಪಗಳ ಸಂಭ್ರಮವೇ ತುಂಬಿತ್ತು. ಹಾಗಾದರೆ ಈ ಸಂಭ್ರಮದೊಳಕ್ಕೆ ನೀರು ಹೊಕ್ಕುದು ಎಂದು?

2005ರ ಆಗಸ್ಟ್ 29ರಂದು ಕತ್ರೀನಾ ಚಂಡಮಾರುತವು ಅಪ್ಪಳಿಸಿದಾಗ ನ್ಯೂ ಆರ್ಲಿಯನ್ಸ್ ನಗರದ ರಕ್ಷಣೆಯ ಒಡ್ಡುಗಳು ಒಡೆದು, ಊರಿನ ಸುಮಾರು 80 ಪಾಲು ನೀರಿನಲ್ಲಿ ಮುಳುಗಿತು. ಆ ವಿಪತ್ತಿನಲ್ಲಿ ಸತ್ತವರು ಸಾವಿರಕ್ಕೂ ಮಿಕ್ಕವರು. 2000ದಲ್ಲಿ ತೆರೆದಿದ್ದ ಅಲ್ಲಿಯ ವಿನೋದೋದ್ಯಾನವು ವಾರಗಟ್ಟಲೆ ಜಲಮಗ್ನವಾಗಿದ್ದು, ಮತ್ತೆ ತೆರೆಯಲೇ ಇಲ್ಲ. ಅದನ್ನು ಕೆಡಹುವ ಕೆಲಸ ಆರಂಭವಾದುದು 2024ರಲ್ಲಿ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತವು ನ್ಯೂಜೆರ್ಸಿಯ ಸೀಸೈಡ್ ಹೈಟ್ಸ್ ತೀರದ ಸುತ್ತುರೈಲನ್ನು ಸಮುದ್ರಕ್ಕೆ ಕೆಡವಿತು. ಆ ಲೋಹಪಂಜರವು 2013ರ ಮೇ ತಿಂಗಳವರೆಗೆ ಅಲೆಗಳ ನಡುವೆಯೇ ನಿಂತಿತ್ತು. ಹಿಂದೆ ಚಿತ್ರಕಾರನು ಕಲ್ಪಿಸಬೇಕಾಗಿದ್ದುದನ್ನು ಈಗ ಲೋಕವೇ ಕಣ್ಣಾರೆ ಕಂಡಿತು.

ಈ ಚಿತ್ರದ ರಸವಾವುದು? ನಾಟ್ಯಶಾಸ್ತ್ರವು ಶೂನ್ಯಗೃಹವನ್ನು ಭಯಾನಕದ ವಿಭಾವವೆಂದೂ, ವಿಭವನಾಶವನ್ನು ಕರುಣದ ವಿಭಾವವೆಂದೂ ಎಣಿಸುತ್ತದೆ. ಇಲ್ಲಿ ಎರಡೂ ಒಂದೇ ಪಟದಲ್ಲಿ ಕೂಡಿವೆ. ಆದರೆ ಮನುಷ್ಯಾಕೃತಿಯೇ ಇಲ್ಲದ ಕಾರಣ ಶೋಕಕ್ಕೆ ಆಶ್ರಯವು ಕಾಣದೆ, ಭಯವೊಂದೇ ಮುಂದಾಗುತ್ತದೆ. ಭಯವೂ ಕ್ರಮೇಣ ನೋಟದ ಸೊಗಸಾಗಿ ಪರಿಣಮಿಸುವ ಅಪಾಯವುಂಟು. ಒಡೆದುದು ಕಾಲನ ಕೋಟೆಯಲ್ಲ, ಮನುಷ್ಯನೇ ಕಟ್ಟಿದ ಒಡ್ಡು. ಮುಳುಗಿದುದು ಯಂತ್ರ ಮಾತ್ರವಲ್ಲ, ಅದರ ನೆರೆಯ ಮನೆಗಳೂ ಹೌದು. ಇದನ್ನರಿತು ನೋಡುವ ಸಹೃದಯನಿಗೆ ಮಾತ್ರ ಆ ಶೂನ್ಯಾಸನಗಳು ಕರುಣವನ್ನು ಉಣಿಸಬಲ್ಲವು.